ಡಬ್ಬದ ಮೇಲೆ 1000, ಚೀಟಿಯ ಮೇಲೆ 776

ಊರಿನ ವಾಟ್ಸಾಪ್ ಗುಂಪಿನಲ್ಲಿ ಏರ್‌ರೈಫಲ್ ಮಾತು ಬಂದರೆ ಕೇಳೋದು ಒಂದೇ ಪ್ರಶ್ನೆ: "ಎಷ್ಟು ಎಫ್‌ಪಿಎಸ್ ಮಾರಾಯಾ?" ಅಂದರೆ, ಗುಂಡು ಸೆಕೆಂಡಿಗೆ ಎಷ್ಟು ಅಡಿ ಓಡುತ್ತೆ ಅಂತ. ನಾನೀಗ ಇರುವ ಇಂಗ್ಲೆಂಡಿನ ಸ್ಪ್ರಿಂಗ್ ರೈಫಲ್ ಸೆಕೆಂಡಿಗೆ 776 ಅಡಿ ಅಂದರೆ ಸಾಕು, ನಗುವ ಮುಖಗಳ ಸಾಲೇ ಬಂದು ಬೀಳುತ್ತೆ. "ನಮ್ಮದರ ಡಬ್ಬದ ಮೇಲೇ 1000 ಅಂತಿದೆ. ಅಷ್ಟು ಪೌಂಡ್ ಸುರಿದು ಇದನ್ನ ತಗೊಂಡ್ಯಾ?"

ನಗಲಿ. ಆದರೆ 776 ಅನ್ನೋದು ಇಲ್ಲಿ ಒಂಟಿಯಾಗಿ ಓಡಾಡೋ ಅಂಕಿ ಅಲ್ಲ. ಅಳೆದು ಮಾರುವ ಅಂಗಡಿಯವನ ಚೀಟಿಯಲ್ಲಿ ಅದರ ಪಕ್ಕ ಇನ್ನೆರಡು ಇರುತ್ತವೆ: ಪೆಲೆಟ್ಟಿನ, ಅಂದರೆ ಏರ್‌ರೈಫಲ್ಲಿನ ಪುಟ್ಟ ಗುಂಡಿನ, ತೂಕ 8.44 ಗ್ರೇನ್ (0.547 ಗ್ರಾಂ), ಶಕ್ತಿ 11.3 ಅಡಿ-ಪೌಂಡ್. ನಮ್ಮ ಕಡೆಯ ಎಷ್ಟೋ ಡಬ್ಬಗಳ ಮೇಲೆ 1000 ಇರುತ್ತೆ, ಯಾವ ಪೆಲೆಟ್ಟಿನಲ್ಲಿ ಅನ್ನೋದು ಮಾತ್ರ ಇರೋದಿಲ್ಲ. ಎಷ್ಟು ಕಿಲೋ ಅಂತ ಹೇಳದೆ ಬರೀ ರೇಟು ಕೂಗೋ ತರಕಾರಿ ಗಾಡಿಯ ಹಾಗೆ.

ಲೆಕ್ಕ ಸುಲಭ. ಪೆಲೆಟ್ಟಿನ ತೂಕ ಗ್ರಾಂನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ ಇಟ್ಟುಕೊಳ್ಳಿ. ವೇಗವನ್ನು ಅದರಿಂದಲೇ ಗುಣಿಸಿ, ತೂಕದಿಂದ ಗುಣಿಸಿ, 2000ದಿಂದ ಭಾಗಿಸಿದರೆ ಜೂಲ್ ಸಿಗುತ್ತೆ. ಸೀಸವಿಲ್ಲದ ಹಗುರ ಪೆಲೆಟ್ 5 ಗ್ರೇನ್, ಅಂದರೆ 0.324 ಗ್ರಾಂ. ಸಾವಿರ ಅಡಿ ಅಂದರೆ 305 ಮೀಟರ್. ಉತ್ತರ 15.1 ಜೂಲ್. ಈಗ ನಗೆಗೀಡಾದ 776 ಅಡಿ, 236.5 ಮೀಟರ್, ಸೀಸದ ಪೆಲೆಟ್ 0.547 ಗ್ರಾಂ. ಉತ್ತರ 15.3, ಚೀಟಿಯ 11.3 ಅಡಿ-ಪೌಂಡ್ ಅಂದರೂ ಇದೇ. ಸಾವಿರದ್ದೂ ಒಂದೇ, ಏಳ್ನೂರ ಎಪ್ಪತ್ತಾರರದ್ದೂ ಒಂದೇ. ಕೂದಲೆಳೆಯಷ್ಟು ಇಂಗ್ಲೆಂಡಿನದೇ ಮೇಲು.

ಇನ್ನು ಡಬ್ಬದವರು "ಇಲ್ಲ, ಮಾಮೂಲಿ 7 ಗ್ರೇನ್ ಸೀಸದ ಪೆಲೆಟ್ಟಿನಲ್ಲೇ ಸಾವಿರ" ಅಂದರೋ, ಲೆಕ್ಕ 21.1 ಜೂಲ್‌ಗೆ ಹೋಗುತ್ತೆ. ಭಾರತದ 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ದಾಟಿದ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಅದೇ ಡಬ್ಬದ ಇನ್ನೊಂದು ಮಗ್ಗುಲಲ್ಲಿ "ಲೈಸೆನ್ಸ್ ಬೇಡ" ಅಂತಲೂ ಇರುತ್ತೆ! ಎರಡರಲ್ಲಿ ಒಂದನ್ನ ಅಳಿಸಲೇಬೇಕು.

ಹಗುರ ಪೆಲೆಟ್ ಹಾಕಿ ಅಂಕಿ ಏರಿಸೋದಕ್ಕೆ ಬೆಲೆ ತೆರೋದು ರೈಫಲ್. ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತೆ, ಸಿಲಿಂಡರಿನ ಗಾಳಿ ಕುಗ್ಗುತ್ತೆ, ಒತ್ತಡ ಸಾಕಷ್ಟು ಏರಿದ ಮೇಲೆ ಪೆಲೆಟ್ ಕದಲುತ್ತೆ. ಆ ಕುಗ್ಗಿದ ಗಾಳಿಯೇ ಪಿಸ್ಟನ್ನಿಗೆ ದಿಂಬು. ಪೆಲೆಟ್ ತೀರಾ ಹಗುರವಾಗಿದ್ದು ಬೇಗ ಹೊರಟುಬಿಟ್ಟರೆ ದಿಂಬು ತೆಳುವಾಗಿ, ಪಿಸ್ಟನ್ ಹೋಗಿ ಮುಂದಿನ ಗೋಡೆಗೆ ಬಡಿಯುತ್ತೆ. ಸೀಲ್ ಹರಿಯುತ್ತೆ, ಸ್ಪ್ರಿಂಗ್ ಸೊಟ್ಟಗಾಗುತ್ತೆ, ಸ್ಕೋಪಿನ ಒಳಗಿನ ಗೆರೆ ಸಡಿಲ ಬೀಳುತ್ತೆ. ಪೆಲೆಟ್ಟೇ ಇಲ್ಲದೆ ಹೊಡೆಯಬಾರದು ಅನ್ನೋದೂ ಇದಕ್ಕೇ. ಗಟ್ಟಿ ಸ್ಪ್ರಿಂಗ್ ಹಾಕಿಸಿ ಜೋರು ಮಾಡಿಸೋರು ಇದ್ದಾರೆ. ಸಿಲಿಂಡರಿನ ಅಗಲ, ಪಿಸ್ಟನ್ ಓಡುವ ಉದ್ದ ಹಾಗೇ ಇದ್ದರೆ ಗಳಿಕೆ ಅಲ್ಪ, ಒದೆತ ಮಾತ್ರ ಧಾರಾಳ.

ಅಂಕಿ ಏರಿಸೋ ಇನ್ನೊಂದು ಸಂಗತಿ ಹೊಗೆ. ಅದಕ್ಕೆ ಜಾತ್ರೆಯಲ್ಲಿ ಬಲೂನಿಗೆ ಗುರಿ ಇಡಿಸೋ ಅಂಗಡಿಯೇ ಬೇಕು. ತೇರಿನ ಮಾರನೇ ದಿನ ಬೆಳಿಗ್ಗೆ ಅಂಗಡಿಯವನು ನಳಿಗೆ ಬಗ್ಗಿಸಿ, ಗಾಳಿ ಬರುವ ತೂತಿಗೆ ಒಂದು ತೊಟ್ಟು ಎಣ್ಣೆ ಬಿಡುತ್ತಾನೆ. ಒಳಗಿರೋದು ಚರ್ಮದ ವಾಷರ್, ಒಣಗಿದರೆ ಗಾಳಿ ಸೋರುತ್ತೆ, ಹಾಗಾಗಿ ಅವನು ಮಾಡೋದು ಸರಿಯೇ. ಆಮೇಲಿನ ಮೊದಲ ಕೆಲವು ಹೊಡೆತಕ್ಕೆ "ಠಳ್" ಅನ್ನೋ ಸದ್ದು, ನೀಲಿ ಹೊಗೆ, ಸುಟ್ಟೆಣ್ಣೆ ವಾಸನೆ. ಕುಗ್ಗಿದ ಗಾಳಿಯ ಬಿಸಿಗೆ ಎಣ್ಣೆ ಹೊತ್ತಿಕೊಳ್ಳೋದು ಅದು. ಇದಕ್ಕೆ ಡೀಸಲಿಂಗ್ ಅನ್ನುತ್ತಾರೆ. ಹೊಸ ರೈಫಲ್ಲಿನೊಳಗೆ ಕಾರ್ಖಾನೆಯ ಗ್ರೀಸು ಹೆಚ್ಚಿದ್ದರೂ ಇದೇ ಆಗುತ್ತೆ. ಆ ಹೊತ್ತಿನಲ್ಲಿ ಅಳೆದರೆ ವೇಗ ನೂರಡಿ ಜಾಸ್ತಿ ಬಂದರೂ ಆಶ್ಚರ್ಯವಿಲ್ಲ. ಡಬ್ಬ ಬಿಚ್ಚಿದ ದಿನವೇ ವಿಡಿಯೋ ಮಾಡಿ "ನೋಡಿ, ಸಾವಿರ ದಾಟಿತು" ಅನ್ನೋರು ಅಳೆದಿದ್ದು ಪಾಪ ಗ್ರೀಸನ್ನ. ಈಗಿನ ಪ್ಲಾಸ್ಟಿಕ್ ಜಾತಿಯ ಸೀಲಿಗೆ ಆ ತೊಟ್ಟು ಬೇಕಾಗಿಯೂ ಇಲ್ಲ. ಬಿಟ್ಟರೆ ಸೀಲೇ ಸುಟ್ಟೀತು.

ಸರಿಯಾಗಿ ಅಳೆಯಬೇಕಾದರೆ ಒಂದು ಡಬ್ಬಿಯ ಹತ್ತು ಪೆಲೆಟ್ ತೂಗಿ, ಲಂಗ, ಅಂದರೆ ಪೆಲೆಟ್ಟಿನ ಹಿಂಬದಿಯ ಅಗಲದ ಅಂಚು, ಸೊಟ್ಟಗಾದದ್ದನ್ನ ಪಕ್ಕಕ್ಕಿಡಿ. ಮೊದಲ ಐದು ಹೊಡೆತ ಲೆಕ್ಕಕ್ಕೆ ಬೇಡ. ವೇಗ ಅಳೆಯುವ ಯಂತ್ರ ಕ್ರೋನೋಗ್ರಾಫ್ ನಳಿಗೆಯ ಬಾಯಿಂದ ಒಂದು ಮೀಟರ್ ದೂರ ಇರಲಿ, ಪೆಲೆಟ್ ಎರಡೂ ಸೆನ್ಸರ್ ಮೇಲೆ ನೇರ ಹಾಯಲಿ. ಹಳೇ ಟ್ಯೂಬ್‌ಲೈಟ್ ಕೆಳಗೆ ಮಾಡಬೇಡಿ. ಅದು ಸೆಕೆಂಡಿಗೆ ನೂರು ಸಲ ಮಿಣುಕುತ್ತೆ, ಸೆನ್ಸರ್ ಅದನ್ನೇ ಪೆಲೆಟ್ ಅಂದುಕೊಳ್ಳಬಹುದು. ಹತ್ತು ಹೊಡೆತದ ಸರಾಸರಿ ಬರೆದುಕೊಳ್ಳಿ, ಅದಕ್ಕಿಂತ ಮುಖ್ಯವಾಗಿ ಅತಿ ಹೆಚ್ಚು–ಅತಿ ಕಡಿಮೆ ನಡುವಿನ ಅಂತರ. 20 ಅಡಿಯೊಳಗಿದ್ದರೆ ರೈಫಲ್ ಆರೋಗ್ಯವಾಗಿದೆ. 50 ದಾಟಿದರೆ ಮೊದಲು ನಳಿಗೆ ಕೂಡುವ ಜಾಗದ ಸೀಲ್ ನೋಡಿ: ಅಲ್ಲಿ ತೆಳು ಟಿಶ್ಯೂ ಚೂರಿಟ್ಟು ಹೊಡೆಯಿರಿ, ಚೂರು ಹಾರಿದರೆ ಗಾಳಿ ಸೋರುತ್ತಿದೆ.

2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಸ್ಪರ್ಧೆಯ ರೈಫಲ್‌ಗಳು ಸ್ಪ್ರಿಂಗಿನವಲ್ಲ, ನಿಜ. ಆದರೂ ಅವುಗಳ ವೇಗ ಸೆಕೆಂಡಿಗೆ 600 ಅಡಿಯ ಆಚೀಚೆ ಅಷ್ಟೇ. ಹೊಡೆಯಬೇಕಾದ ಚುಕ್ಕಿ ಅರ್ಧ ಮಿಲಿಮೀಟರ್. ಸಾವಿರದ ಮೇಲೆ ಹೋಗಿ ಶಬ್ದದ ವೇಗದ, ಅಂದರೆ 1125 ಅಡಿಯ, ಹತ್ತಿರ ಬಂದರೆ ಪೆಲೆಟ್ ತೂರಾಡಲು ಶುರುಮಾಡುತ್ತೆ. ತಗಡು ತೂತಾಗುತ್ತೆ, ಗುರಿ ತಪ್ಪುತ್ತೆ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಲೇಬೇಕಾದ್ದೂ ಒಂದಿದೆ. ಇಲ್ಲಿನ ಇಂಗ್ಲೆಂಡಿನವರು ಸತ್ಯಹರಿಶ್ಚಂದ್ರನ ವಂಶದವರೇನಲ್ಲ. 1969ರಿಂದ ಇಲ್ಲಿ ರೈಫಲ್ಲಿಗೆ 12 ಅಡಿ-ಪೌಂಡ್, ಅಂದರೆ ಸುಮಾರು 16 ಜೂಲ್, ಮಿತಿ. ದಾಟಿದರೆ ಅದು ಪರವಾನಗಿ ಬೇಕಾದ ಬಂದೂಕು, ಕಾಗದವಿಲ್ಲದೆ ಇಟ್ಟುಕೊಂಡರೆ ಅಪರಾಧ. ಪೊಲೀಸರ ಪರೀಕ್ಷೆಯಲ್ಲಿ ಹಗುರ, ಭಾರ ಅಂತ ಬೇರೆ ಬೇರೆ ಪೆಲೆಟ್ ಹಾಕಿ ನೋಡುತ್ತಾರೆ. ಅದಕ್ಕೇ 11.3ಕ್ಕೆ ನಿಲ್ಲಿಸಿ ಉಸಿರು ಬಿಡೋದು. ಇಲ್ಲಿನ ಹೇಲ್‌ಶಮ್ ಊರಿನಲ್ಲಿ ತಯಾರಾಗುವ ಟಿಎಕ್ಸ್200 ರೈಫಲ್ ಇರಲಿ, ಜರ್ಮನಿಯಿಂದ ಬರುವ ಎಚ್‌ಡಬ್ಲ್ಯು97 ರೈಫಲ್ ಇರಲಿ, ಇಲ್ಲಿ ಪರವಾನಗಿ ಇಲ್ಲದೆ ಮಾರುವಾಗ ಎಲ್ಲವೂ ಈ ಗೆರೆಯ ಕೆಳಗೇ. ಅಂಕಿ ದೊಡ್ಡದಾದರೆ ಜೈಲು ಅನ್ನೋ ಕಡೆ ಯಾರೂ ದೊಡ್ಡದು ಬರೆಯೋದಿಲ್ಲ. ಸ್ಕಾಟ್‌ಲೆಂಡಿನಲ್ಲಂತೂ 2016ರ ಕೊನೆಯಿಂದ ಈ ಗೆರೆಯ ಕೆಳಗಿನದಕ್ಕೂ ಲೈಸೆನ್ಸ್. ಆ ಲೆಕ್ಕದಲ್ಲಿ ನಮ್ಮ 20 ಜೂಲ್ ಧಾರಾಳವೇ. ಸಾವಿರದ ಹುಚ್ಚೂ ನಮ್ಮಲ್ಲಿ ಹುಟ್ಟಿದ್ದಲ್ಲ, ಅಮೆರಿಕದ ಡಬ್ಬಗಳನ್ನ ನೋಡಿ ಕಲಿತದ್ದು.

ಮತ್ತೆ ಈ 776 ಕೂಡ ಸಮುದ್ರಮಟ್ಟದ ಹತ್ತಿರದ ಅಂಕಿ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಇಲ್ಲಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಿಮೆ, ಸಿಲಿಂಡರಿಗೆ ತುಂಬಿಕೊಳ್ಳುವ ಗಾಳಿಯೂ ಅಷ್ಟೇ ಕಡಿಮೆ. ಇದೇ ರೈಫಲ್, ಇದೇ ಡಬ್ಬಿಯ ಪೆಲೆಟ್ ಅಲ್ಲಿಟ್ಟು ಅಳೆದರೆ 776 ಬರೋದು ಕಷ್ಟ. ಗುಂಪಿನವರಿಗೆ ಇದನ್ನ ಇನ್ನೂ ಹೇಳಿಲ್ಲ.