ಇಂಚಿಗೆ 789 ಡಾಲರ್

ನಾನು ಐದಡಿ ಎರಡಿಂಚು. ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಅಂತ ಅಜ್ಜಿ ಸಮಾಧಾನ ಮಾಡುತ್ತಿದ್ದಳು. ಕೀರ್ತಿಯ ಮಾತು ಬಿಡಿ, ಸಂಬಳದ ಹೈಕ್ ಮಾತ್ರ ಮೂರ್ತಿಯ ಅಳತೆಗೇ ಬರುತ್ತಿದೆ.

ಹೊಟ್ಟೆಕಿಚ್ಚು ಅನ್ನಬೇಡಿ. 2004ರಲ್ಲಿ ತಿಮೊಥಿ ಜಡ್ಜ್, ಡೇನಿಯಲ್ ಕೇಬಲ್ ಎಂಬ ಪ್ರೊಫೆಸರುಗಳು ಅಮೆರಿಕ, ಬ್ರಿಟನ್ನಿನ ಸಾವಿರಾರು ಜನರ ಎತ್ತರಕ್ಕೂ ಸಂಬಳಕ್ಕೂ ತಾಳೆ ಹಾಕಿದರು. ಒಂದಿಂಚು ಉದ್ದ ಇದ್ದರೆ ವರ್ಷಕ್ಕೆ ಸುಮಾರು 789 ಡಾಲರ್ ಜಾಸ್ತಿ! ವಯಸ್ಸು, ತೂಕ, ಗಂಡು-ಹೆಣ್ಣು ಎಲ್ಲ ಲೆಕ್ಕಕ್ಕೆ ಹಿಡಿದ ಮೇಲೂ. ಚಿಕ್ಕಪೇಟೆಯಲ್ಲಿ ಬಟ್ಟೆಯನ್ನೂ ಹೀಗೇ ಅಳೆದು ಮಾರುತ್ತಾರೆ. ಅಲ್ಲಿ ಚೌಕಾಸಿಯಾದರೂ ಉಂಟು.

ಹೋದ ತಿಂಗಳು ಔಟರ್ ರಿಂಗ್ ರೋಡಿನ ನಮ್ಮ ಆಫೀಸಿಗೆ ವಿದೇಶದ ಕ್ಲೈಂಟ್ ಬಂದರು. ಪ್ರಾಜೆಕ್ಟ್ ಲೀಡ್ ನಾನು. ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಇಸ್ತ್ರಿ ಶರ್ಟ್ ಮುದುಡಿದ್ದರೂ ನಗುನಗುತ್ತಾ ಕೈ ಚಾಚಿದೆ. ಅವರ ಕೈ ನನ್ನ ತಲೆಯ ಮೇಲಿಂದ ಹಾದು, ಹಿಂದೆ ನಿಂತಿದ್ದ ಇಂಟರ್ನ್ ಹುಡುಗನ ಕೈ ಹಿಡಿಯಿತು. ಅವನು ಆರಡಿ ಎರಡಿಂಚು. ಕೆಲಸಕ್ಕೆ ಸೇರಿ ಹನ್ನೊಂದು ದಿನ. ಇಡೀ ಪ್ರಾಜೆಕ್ಟಿನ ಹೊಗಳಿಕೆ ಅವನಿಗೇ ಸಂದಾಯ! ಒಳ್ಳೇ ಹುಡುಗ ಪಾಪ, ‘ಲೀಡ್ ಇವರು’ ಅಂತ ತೋರಿಸಿದ. ಕೆಳಗೆ ಬಿದ್ದ ಪೆನ್ನು ತೋರಿಸುವ ಹಾಗೆ.

ಮೊನ್ನೆ ಅಪ್ರೈಸಲ್. ‘ಕೆಲಸ ಚೆನ್ನಾಗಿದೆ, ಪ್ರೆಸೆನ್ಸ್ ಸ್ವಲ್ಪ ಸಾಲದು’ ಅಂದರು ಮ್ಯಾನೇಜರ್. ಎಷ್ಟು ಸಾಲದು ಸರ್, ನಾಲ್ಕಿಂಚಾ? ಕೇಳಲಿಲ್ಲ. ವಾಮನನ ಕಥೆಯೂ ಅಷ್ಟೇ ಅಲ್ವಾ? ಕುಳ್ಳಗಿದ್ದಾಗ ಸಿಕ್ಕಿದ್ದು ಬರೀ ಮಾತು. ಭೂಮಿ, ಆಕಾಶ ಕೈಗೆ, ಅಲ್ಲ, ಕಾಲಿಗೆ ಬಂದದ್ದು ಬೆಳೆದ ಮೇಲೆ. ಲಾಕ್‌ಡೌನ್ ಕಾಲವೇ ವಾಸಿ. ಪರದೆಯ ಮೇಲೆ ಎಲ್ಲರೂ ಒಂದೇ ಅಳತೆಯ ಚೌಕ.

ಒಂದು ಆಸೆ ಮಾತ್ರ ಉಳಿದಿದೆ. 2010ರಲ್ಲಿ ಗ್ರೆಗರಿ ಮ್ಯಾಂಕಿವ್, ಮ್ಯಾಥ್ಯೂ ವೈನ್‌ಝರ್ಲ್ ಎಂಬ ಅರ್ಥಶಾಸ್ತ್ರಜ್ಞರು ಎತ್ತರಕ್ಕೆ ತೆರಿಗೆ ಲೆಕ್ಕ ಹಾಕಿದರು. ವರ್ಷಕ್ಕೆ 50,000 ಡಾಲರ್ ದುಡಿಯುವ ಉದ್ದದವನು, ಅಷ್ಟೇ ದುಡಿಯುವ ಕುಳ್ಳನಿಗಿಂತ ಸುಮಾರು 4,500 ಡಾಲರ್ ಜಾಸ್ತಿ ಕಟ್ಟಬೇಕಂತೆ. ತೆರಿಗೆ ಸಿದ್ಧಾಂತವನ್ನು ಹಿಡಿದು ಹೊರಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ತೋರಿಸಲು ಅವರು ಬರೆದದ್ದು. ನಾನು ಮಾತ್ರ ಬಜೆಟ್ ಭಾಷಣದ ಹಾಗೆ ಭಕ್ತಿಯಿಂದ ಓದಿದೆ.

ಕ್ಯಾಂಟೀನಿನಲ್ಲಿ ಇಂಟರ್ನ್‌ಗೂ ಲೆಕ್ಕ ಒಪ್ಪಿಸಿದೆ. ನಮ್ಮಿಬ್ಬರ ನಡುವೆ ಒಂದಡಿ, ಅಂದರೆ ವರ್ಷಕ್ಕೆ 9,468 ಡಾಲರ್. ತೆರಿಗೆ ಕಟ್ಟಪ್ಪ ಅಂದೆ.

‘ಕಟ್ತೀನಿ ಸರ್’ ಅಂದ, ಬಗ್ಗಿ. ‘ಮೊದಲು ಸ್ಟೈಪೆಂಡ್ ಬರಲಿ.’