ಹತ್ತು ನಿಮಿಷದ ಕತ್ತಲು

ಹೋದ ತಿಂಗಳು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಮ್ಮ ದೊಡ್ಡಪ್ಪ ಗೂಡು ಸುರಿದು ಹರಾಜಿಗೆ ಕಾಯುತ್ತಿದ್ದರು. ಮೊಬೈಲಿಗೆ ಬಂದ ದರ ನೋಡಲು ಹೋದಾಗ ಬಲಗಣ್ಣಿಗೆ ಮೇಲಿನಿಂದ ಪರದೆ ಇಳಿದಂತಾಯಿತು. ನೋವಿಲ್ಲ, ಉರಿಯಿಲ್ಲ. ಒಂದು ಗೂಡನ್ನು ಎದುರಿಗೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿದರು. ಎಡಗಣ್ಣಿಗೆ ಹಳದಿ ಗೂಡು, ಬಲಗಣ್ಣಿಗೆ ಬರೀ ಕತ್ತಲು. ಹತ್ತು ನಿಮಿಷಕ್ಕೆ ಎಲ್ಲವೂ ಮೊದಲಿನಂತಾಯಿತು. "ಬೆಳಗ್ಗೆಯಿಂದ ಏನೂ ತಿಂದಿಲ್ಲವಲ್ಲ ದೊಡ್ಡಪ್ಪ, ಪಿತ್ತ ಇರಬೇಕು" ಎಂದು ಫೋನಿನಲ್ಲಿ ಹೇಳಿದ ಮಹಾ ವೈದ್ಯ ನಾನೇ.

ಪಕ್ಕದ ಮನೆಯವರು ಪೊರೆ ಎಂದರು. ನಮ್ಮ ಕಡೆ ಅರವತ್ತು ದಾಟಿದವರ ಕಣ್ಣಿಗೆ ಏನಾದರೂ ಅದು ಪೊರೆಯೇ. ಹತ್ತು ನಿಮಿಷ ಬಂದು ಹೋಗಲು ಪೊರೆಯೇನು ನೆಂಟನೇ? ಕನ್ನಡಕದ ಅಂಗಡಿಯವರು ನಂಬರು ಬದಲಾಗಿದೆ ಎಂದು ಮುಂಗಡ ಪಡೆದರು. ರಕ್ತದೊತ್ತಡವನ್ನು ಯಾರೂ ನೋಡಲಿಲ್ಲ.

ಮೂರನೆಯ ದಿನ ಹುಳುವಿಗೆ ಸೊಪ್ಪು ಹಾಕುವಾಗ ಎಡಗೈಯಿಂದ ಕಟ್ಟು ಜಾರಿತು. ಎತ್ತಿಕೊಂಡರು, ಮತ್ತೆ ಜಾರಿತು. ದೊಡ್ಡಮ್ಮ ನೋಡುವಷ್ಟರಲ್ಲಿ ಬಾಯಿ ಸೊಟ್ಟಗಾಗಿತ್ತು.

ಬಲಗಣ್ಣಿಗೂ ಎಡಗೈಗೂ ಏನು ಸಂಬಂಧ ಎಂದು ಬೆಂಗಳೂರಿನ ವೈದ್ಯರನ್ನು ಕೇಳಿದೆ. ಅವರು ಕತ್ತಿನ ಡಾಪ್ಲರ್ ಸ್ಕ್ಯಾನ್ ತೋರಿಸಿದರು. ಕತ್ತಿನ ಬಲಬದಿಯ ಕ್ಯಾರೋಟಿಡ್ ರಕ್ತನಾಳವೇ ಬಲಗಣ್ಣಿಗೂ ಮಿದುಳಿನ ಬಲಭಾಗಕ್ಕೂ ರಕ್ತ ಒಯ್ಯುತ್ತದೆ. ಎಡಗೈಯನ್ನು ಆಡಿಸುವುದು ಆ ಬಲಭಾಗ. ನಾಳದ ಗೋಡೆಗೆ ಕೊಬ್ಬು ಕಟ್ಟಿ ದಾರಿ ಕಿರಿದಾಗಿತ್ತು. ಅಲ್ಲಿಂದ ಕಿತ್ತುಬಂದ ಒಂದು ಚೂರು ಮೊದಲು ಕಣ್ಣಿನ ನಾಳಕ್ಕೆ ಸಿಕ್ಕಿ ಸರಿದುಹೋಗಿತ್ತು. ಇನ್ನೊಂದು ಮಿದುಳಿಗೆ ಹೋಗಿ ಕೂತುಬಿಟ್ಟಿತು.

ದೃಷ್ಟಿ ಮರಳಿತಲ್ಲ ಎಂದು ನಿರಾಳವಾದೆವು, ನನ್ನ ಸಿಟ್ಟು ಅದಕ್ಕೇ. ಓಡಬೇಕಾದದ್ದು ಆಗಲೇ. ಕಣ್ಣು ಹೀಗೆ ಕತ್ತಲಾದ ಮೇಲೆ ಪಾರ್ಶ್ವವಾಯುವಿನ ಭಯ ಹೆಚ್ಚಿರುವುದು ಮೊದಲ ಕೆಲವೇ ದಿನಗಳಲ್ಲಿ. ದೃಷ್ಟಿ ಮರಳದಿದ್ದರಂತೂ ನಿಂತಲ್ಲಿಂದಲೇ ಹೊರಡಬೇಕು. ರಕ್ತ ನಿಂತ ಅಕ್ಷಿಪಟ ಸುಮಾರು 4 ಗಂಟೆಯೊಳಗೆ ಸರಿಪಡಿಸಲಾಗದಷ್ಟು ಹಾಳಾಗುತ್ತದೆ. ಕನ್ನಡಕದ ಅಂಗಡಿ ಬೇಡ, ಪಾರ್ಶ್ವವಾಯುವಿಗೆ ಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಿ. "ಒಂದು ಕಣ್ಣು ಇದ್ದಕ್ಕಿದ್ದಂತೆ ಕಾಣಿಸಲಿಲ್ಲ" ಎಂಬುದನ್ನು ಮೊದಲ ಮಾತಾಗಿ ಹೇಳಿ. ಬಿಪಿ, ಸಕ್ಕರೆ, ಬೀಡಿ ಇದ್ದರೆ ಮುಚ್ಚಿಡಬೇಡಿ. ದೊಡ್ಡಪ್ಪನಿಗೆ ಮೂರೂ ಇದ್ದವು, ಮೂರನೆಯದು ದೊಡ್ಡಮ್ಮನಿಗೆ ಗೊತ್ತಿಲ್ಲ ಎಂದು ಅವರು ನಂಬಿದ್ದರು.

ಈಗ ಹಳೆಯ ಕನ್ನಡಕದಲ್ಲೇ ಪತ್ರಿಕೆ ಸಲೀಸಾಗಿ ಓದುತ್ತಾರೆ. ಹಾಳೆಯ ಎಡಬದಿಯನ್ನು ಹಿಡಿದುಕೊಳ್ಳಲು ಮಾತ್ರ ದೊಡ್ಡಮ್ಮ ಪಕ್ಕದಲ್ಲಿ ಕೂರಬೇಕು.