ಟೆಕ್ಸಾಸ್ ಬಿಸಿಲಲ್ಲಿ ವಿಲ್ಲಿ ತಾತ

ತೊಂಬತ್ತು ದಾಟಿದ ಗಾಯಕರ ಕಾರ್ಯಕ್ರಮಕ್ಕೆ ಟಿಕೆಟ್ ತೆಗೆಯುವವರೆಲ್ಲ ಮನಸ್ಸಿನಲ್ಲಿ ಒಂದೇ ಲೆಕ್ಕ ಹಾಕಿರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ. ಅಮೆರಿಕದ ಕಂಟ್ರಿ ಸಂಗೀತದ ಹಿರಿಯ ಗಾಯಕ ವಿಲ್ಲಿ ನೆಲ್ಸನ್ ಹುಟ್ಟಿದ್ದು 1933ರ ಏಪ್ರಿಲ್‌ನಲ್ಲಿ, ಟೆಕ್ಸಾಸ್‌ನ ಆಬಟ್ ಎಂಬ ಪುಟ್ಟ ಊರಿನಲ್ಲಿ. 2024ರ ಜೂನ್‌ನಲ್ಲಿ ಹುಷಾರಿಲ್ಲದೆ ಅವರು ಕೆಲವು ಊರುಗಳ ಕಾರ್ಯಕ್ರಮ ತಪ್ಪಿಸಿಕೊಂಡಾಗ ಮಗ ಲೂಕಸ್ ಅಪ್ಪನ ಜಾಗದಲ್ಲಿ ನಿಂತು ಹಾಡಿದರು. ಆ ಸುದ್ದಿ ಬಂದ ದಿನದಿಂದ ನಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರ ಒಂದೇ ಮಾತು. ಮುಂದಿನ ಸಲ ಆಸ್ಟಿನ್‌ಗೆ ಬಂದಾಗ ನೋಡಿಬಿಡಬೇಕು, ಆಮೇಲೆ... ಆ ಆಮೇಲೆಯ ಮುಂದೆ ಯಾರೂ ಏನೂ ಹೇಳುತ್ತಿರಲಿಲ್ಲ.

ವಿಲ್ಲಿ ಬರುವ ಹೊತ್ತಿಗೆ ಸರಿಯಾಗಿ ಅಪ್ಪ ಅಮ್ಮ ಬೆಂಗಳೂರಿನಿಂದ ಬಂದಿದ್ದರು. ಅಪ್ಪ ಆದಾಯ ತೆರಿಗೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಇಲಾಖೆ ಬಿಟ್ಟರೆ ಅವರಿಗಿರುವ ಇನ್ನೊಂದು ಹುಚ್ಚು ಸಂಗೀತ. ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಅವರಿಗೊಂದು ಕುರ್ಚಿ ಖಾಯಂ. ಹೀಗಾಗಿ ಹೊರಾಂಗಣ ಸಂಗೀತ ಎಂದ ಕೂಡಲೇ ಒಪ್ಪಿಕೊಂಡರು. ಅವರ ಕಣ್ಣ ಮುಂದೆ ಇದ್ದದ್ದು ಚಪ್ಪರ, ಫ್ಯಾನು, ಪಾನಕ, ಕೋಸಂಬರಿ. ನನ್ನ ಹೆಂಡತಿ ಹವಾಮಾನ ನೋಡಿ, ತಲೆನೋವು ಅಂತ ಹೇಳಿ ಮನೆಯಲ್ಲೇ ಉಳಿದಳು. ಜಾಣೆ.

ಅಂದು 100 ಡಿಗ್ರಿ ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 38 ಡಿಗ್ರಿ ಸೆಲ್ಸಿಯಸ್ ಹತ್ತಿರ. ಕಾರಿನಿಂದ ಇಳಿದ ಅಮ್ಮ ಒಂದು ಸಲ ಆಕಾಶ ನೋಡಿ, "ರಾಯಚೂರೇ ವಾಸಿ ಕಣೋ" ಎಂದರು. ಅಮ್ಮ ರಾಯಚೂರಿಗೆ ಹೋದದ್ದು ನನಗಂತೂ ನೆನಪಿಲ್ಲ.

ಗೇಟಿನಲ್ಲಿ ಮೊದಲ ವಿಘ್ನ. ಇಲ್ಲಿ ಒಳಗೇನಿದೆ ಎಂದು ಕಾಣುವಂಥ ಪಾರದರ್ಶಕ ಬ್ಯಾಗು ಮಾತ್ರ ಬಿಡುತ್ತಾರೆ. ಅದನ್ನು ನಾನು ಮೊದಲೇ ಹೇಳಿದ್ದೆ. ಅಮ್ಮ ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ್ದರು, ಪಾರದರ್ಶಕ ಬ್ಯಾಗಿನೊಳಗೆ ಸ್ಟೀಲ್ ಡಬ್ಬಿ ಇಟ್ಟಿದ್ದರು. ಸೆಕ್ಯೂರಿಟಿಯಾಕೆ ಡಬ್ಬಿಯ ಮೇಲೆ ಬೆರಳಿಟ್ಟು ಏನಿದು ಎಂದಳು. ಅಮ್ಮ ಮುಚ್ಚಳ ತೆಗೆದು ಚಿತ್ರಾನ್ನ ತೋರಿಸಿದರು. ಹೊರಗಿನ ಊಟ ಬಿಡುವಂತಿಲ್ಲ ಎಂದು ಆಕೆ ತುಂಬಾ ಮರ್ಯಾದೆಯಿಂದಲೇ ಹೇಳಿದಳು. ಒಳಗೆ ಸಸ್ಯಾಹಾರ ಅಂದರೆ ಆಲೂಗಡ್ಡೆ ಹುರಿದದ್ದು ಮಾತ್ರ ಎಂದು ನನಗೆ ಗೊತ್ತಿತ್ತು. ಹಾಗಾಗಿ ಮೂರೂ ಜನ ಪಾರ್ಕಿಂಗ್‌ಗೆ ವಾಪಸ್ ಬಂದು ಡಿಕ್ಕಿ ತೆರೆದು ನಿಂತು ಚಿತ್ರಾನ್ನ ತಿಂದೆವು. ಪಕ್ಕದ ಟ್ರಕ್ಕಿನ ಹಿಂಭಾಗದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಒಂದು ವಯಸ್ಸಾದ ಗುಂಪು ನಮಗೆ ತಣ್ಣನೆ ನೀರು ಕೊಟ್ಟಿತು. ಅಮ್ಮ ಬಿಡುತ್ತಾರಾ, ಪೇಪರ್ ಪ್ಲೇಟಿನಲ್ಲಿ ಅವರಿಗೂ ಬಡಿಸಿದರು. ದಪ್ಪ ಮೀಸೆಯ ಒಬ್ಬ ಮಹಾಶಯ ಹಸಿಮೆಣಸಿನಕಾಯಿಯನ್ನು ಬೀನ್ಸ್ ಎಂದುಕೊಂಡು ಅಗಿದರು. ಕೊಟ್ಟ ನೀರನ್ನು ಅವರಿಗೇ ವಾಪಸ್ ಕೊಡಬೇಕಾಯಿತು.

ನಮ್ಮದು ಹಿಂದಿನ ಹುಲ್ಲುಹಾಸಿನ ಟಿಕೆಟ್. ಅಲ್ಲಿ ಬಾಡಿಗೆಗೆ ಸಿಗುವ ಕುರ್ಚಿಗಳು ನೆಲಕ್ಕೆ ಅಂಟಿಕೊಂಡಷ್ಟು ತಗ್ಗು. ಕೂರುವುದು ಸುಲಭ, ಏಳುವುದಕ್ಕೆ ಇನ್ನೊಬ್ಬರು ಬೇಕು. ಸುತ್ತ ನೋಡಿದರೆ ನೆರೆದವರಲ್ಲಿ ಜಾಸ್ತಿ ಜನ ಅರವತ್ತು ದಾಟಿದವರೇ. ಗಂಡ ಹೆಂಡತಿಯನ್ನು ಎಬ್ಬಿಸುವುದು, ಎದ್ದ ಹೆಂಡತಿ ಗಂಡನನ್ನು ಎಬ್ಬಿಸುವುದು, ಇಬ್ಬರೂ ಮಂಡಿ ಹಿಡಿದುಕೊಂಡು ಟಾಯ್ಲೆಟ್ ಕ್ಯೂಗೆ ಹೋಗುವುದು, ಇದೇ ನಡೆದಿತ್ತು. ನನ್ನ ಚಪ್ಪಲಿಯೊಳಗೆ ಕೆಂಪಿರುವೆ ಸೇರಿತು. ಇಲ್ಲಿನ ಕೆಂಪಿರುವೆ ಕಚ್ಚಿದರೆ ಬೆಂಕಿ ಇಟ್ಟಂತಾಗುತ್ತದೆ, ಮರುದಿನ ಕೀವಿನ ಗುಳ್ಳೆ ಬೇರೆ. ನಾನು ಒಂಟಿ ಕಾಲಲ್ಲಿ ಕುಣಿಯುತ್ತಿದ್ದರೆ ಹಿಂದಿನವರೊಬ್ಬರು ಚಪ್ಪಾಳೆ ತಟ್ಟಿದರು. ವೇದಿಕೆ ಇನ್ನೂ ಖಾಲಿ ಇತ್ತು.

ಅಷ್ಟರಲ್ಲಿ ಆ ವಾಸನೆ ಶುರುವಾಯಿತು. ನಾನು ಏನೂ ಗೊತ್ತಿಲ್ಲದವನಂತೆ ದೊಡ್ಡ ಪರದೆ ನೋಡುತ್ತಾ ಕೂತೆ. ಅಪ್ಪ ಯಾರೋ ಧೂಪ ಹಾಕಿದ್ದಾರೆ ಎಂದರು. ಅಮ್ಮ ಮೂಗೆಳೆದು ನೋಡಿ, "ಧೂಪ ಅಲ್ರೀ. ನಮ್ಮೂರ ಜಾತ್ರೆಗೆ ಬೈರಾಗಿಗಳು ಬರ್ತಿದ್ರಲ್ಲ, ಅವರ ಚಿಲುಮೆ ವಾಸನೆ" ಎಂದು ಅರೆಕ್ಷಣದಲ್ಲಿ ತೀರ್ಪು ಕೊಟ್ಟರು. ಟೆಕ್ಸಾಸ್‌ನಲ್ಲಿ ಗಾಂಜಾ ಸೇದುವುದು ಕಾನೂನುಬಾಹಿರ. ಆದರೆ ವಿಲ್ಲಿಯವರ ವಿಷಯದಲ್ಲಿ ಊರಿಗೆ ಊರೇ ಸಲುಗೆ ತೋರುತ್ತದೆ. 2012ರಲ್ಲಿ ಆಸ್ಟಿನ್ ನಡುವೆ ಅವರ ಕಂಚಿನ ಪ್ರತಿಮೆ ಅನಾವರಣ ಮಾಡಿದ್ದು ಏಪ್ರಿಲ್ 20ರಂದು, ಸಂಜೆ 4 ಗಂಟೆ 20 ನಿಮಿಷಕ್ಕೆ. 420 ಅನ್ನುವುದು ಇಲ್ಲಿ ಗಾಂಜಾ ಬಳಗದ ಗುಪ್ತ ಸಂಖ್ಯೆ. ತಮಾಷೆ ಏನೆಂದರೆ, ಉಸಿರಾಟದ ತೊಂದರೆಯಿಂದ ತಾವು ಸೇದುವುದನ್ನು ಬಿಟ್ಟಿರುವುದಾಗಿ ವಿಲ್ಲಿ 2019ರಲ್ಲೇ ಹೇಳಿದ್ದಾರೆ. ಗುರುಗಳು ಬಿಟ್ಟರೂ ಶಿಷ್ಯರು ಬಿಟ್ಟಿಲ್ಲ.

ಕೊನೆಗೂ ಅವರು ಬಂದರು. ಸಣ್ಣ ಆಳು, ಎರಡು ಜಡೆ, ಹಣೆಗೆ ಬಟ್ಟೆ. ಕುರ್ಚಿಯಲ್ಲಿ ಕೂತರು. ಈಗೀಗ ಅವರು ಕೂತೇ ಹಾಡುವುದು. ಅಷ್ಟು ದೊಡ್ಡ ಮೈದಾನದಲ್ಲಿ ಬೆನ್ನಿಗೆ ಹಿತವಾದ ಕುರ್ಚಿ ಸಿಕ್ಕಿದ್ದು ಅವರೊಬ್ಬರಿಗೇ ಇರಬೇಕು. ಜನ ಹೋ ಎಂದು ಎದ್ದು ನಿಂತರು, ಅಂದರೆ ಏಳಲಾದವರು ನಿಂತರು. ನಮ್ಮ ಮುಂದಿದ್ದ ಆರಡಿ ಮನುಷ್ಯನ ಕೌಬಾಯ್ ಟೋಪಿ ಪೂರ್ತಿ ವೇದಿಕೆಯನ್ನೇ ನುಂಗಿತು. ನಾನು ಸೌಜನ್ಯದಿಂದ ಹೇಗೆ ಕೇಳುವುದು ಎಂದು ಇಂಗ್ಲಿಷ್ ವಾಕ್ಯ ಜೋಡಿಸುತ್ತಿದ್ದೆ. ಅಮ್ಮ ಅವನ ಬೆನ್ನು ತಟ್ಟಿ, "ಸ್ವಲ್ಪ ಟೋಪಿ ತೆಗಿಯಪ್ಪಾ" ಎಂದರು, ಅಚ್ಚ ಕನ್ನಡದಲ್ಲಿ. ಅವನು "ಯೆಸ್ ಮ್ಯಾಮ್" ಎಂದು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ಪಕ್ಕಕ್ಕೂ ಸರಿದ.

'ವಿಸ್ಕಿ ರಿವರ್' ಶುರುವಾಯಿತು. ಅಪ್ಪ ತೊಡೆ ತಟ್ಟಿ ತಾಳ ಹಾಕತೊಡಗಿದರು. ಎರಡನೇ ಹಾಡಿಗೇ ಅವರ ಮುಖ ಕಳೆಗುಂದಿತು. "ಪಾಪ, ವಯಸ್ಸಾಯ್ತು. ಎಡುಪು ತಪ್ತಾ ಇದೆ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಎಡುಪು ಎಂದರೆ ತಾಳದಲ್ಲಿ ಸಾಲು ಎತ್ತಿಕೊಳ್ಳುವ ಜಾಗ. ತಪ್ಪುತ್ತಿರಲಿಲ್ಲ. ವಿಲ್ಲಿ ಹಾಡುವುದೇ ಹಾಗೆ. ವಾದ್ಯದವರೆಲ್ಲ ತಾಳಕ್ಕೆ ಸರಿಯಾಗಿ ಹೋಗುತ್ತಿರುತ್ತಾರೆ, ಇವರು ಸಾಲನ್ನು ಬೇಕಂತಲೇ ತಡವಾಗಿ ಎತ್ತಿಕೊಳ್ಳುತ್ತಾರೆ, ನಡುವೆ ಮಾತಾಡಿದ ಹಾಗೆ ನಾಲ್ಕು ಪದ ಉದುರಿಸುತ್ತಾರೆ, ಇನ್ನೇನು ಕೈಬಿಟ್ಟರು ಎನ್ನುವಾಗ ಎಲ್ಲರ ಜೊತೆ ಬಂದು ನಿಲ್ಲುತ್ತಾರೆ. ಅರವತ್ತರ ದಶಕದಲ್ಲಿ ಕಂಟ್ರಿ ಸಂಗೀತದ ತವರಾದ ನ್ಯಾಶ್‌ವಿಲ್‌ನಲ್ಲಿ ಸ್ಟುಡಿಯೋದವರಿಗೇ ಈ ಧಾಟಿ ಒಗ್ಗಿರಲಿಲ್ಲ. ವಿಲ್ಲಿ ಬರೆದ 'ಕ್ರೇಜಿ' ಹಾಡನ್ನು 1961ರಲ್ಲಿ ಗಾಯಕಿ ಪ್ಯಾಟ್ಸಿ ಕ್ಲೈನ್ ಹಾಡಿ ಮನೆಮಾತು ಮಾಡಿದರು. ಆಕೆಗೂ ಮೊದಮೊದಲು ಈ ಎಳೆದಾಟ ಹಿಡಿಸದೆ, ಹಾಡನ್ನು ತನ್ನದೇ ರೀತಿಗೆ ಒಗ್ಗಿಸಿಕೊಳ್ಳಬೇಕಾಯಿತು. ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ನಂಬಲಿಲ್ಲ. ಆದರೆ ಪ್ರತಿ ಸಾಲಿಗೂ ಉಸಿರು ಬಿಗಿಹಿಡಿದು ಕಾದು, ವಿಲ್ಲಿ ಬಂದು ಮುಟ್ಟಿದ ಕೂಡಲೇ "ಭೇಷ್" ಎನ್ನತೊಡಗಿದರು. ದನಿ ಮಾತ್ರ ನಿಜಕ್ಕೂ ತೆಳುವಾಗಿತ್ತು. ಕೆಲವು ಕಡೆ ಹಾಡದೆ ಹೇಳಿದರು, ಅಷ್ಟೇ. ಗಿಟಾರಿನ ಬೆರಳುಗಳು ಒಮ್ಮೊಮ್ಮೆ ಎಲ್ಲೋ ಹೋಗಿ ದಾರಿ ಹುಡುಕುತ್ತಿದ್ದವು. ನನಗೆ ಅದೇ ಇಷ್ಟವಾಯಿತು. ಅಚ್ಚುಕಟ್ಟಾದ ರೆಕಾರ್ಡು ಮನೆಯಲ್ಲೇ ಇದೆಯಲ್ಲ.

ಪರದೆಯ ಮೇಲೆ ಗಿಟಾರನ್ನು ಹತ್ತಿರದಿಂದ ತೋರಿಸಿದಾಗ ಅಮ್ಮ ಬೆಚ್ಚಿದರು. "ಅಯ್ಯೋ, ತೂತು ಬಿದ್ದಿದೆ! ಇಷ್ಟು ದುಡ್ಡಿದ್ದೂ ಒಂದು ಹೊಸದು ತಗೊಳ್ಳಕ್ಕಾಗಲ್ವಾ?" ಅದರ ಹೆಸರು ಟ್ರಿಗರ್. ಹಳೇ ಕೌಬಾಯ್ ಸಿನಿಮಾಗಳ ನಟ ರಾಯ್ ರೋಜರ್ಸ್ ಅವರ ಕುದುರೆಯ ಹೆಸರು ಅದು. 1969ರಿಂದ ಜೊತೆಗಿರುವ ಮಾರ್ಟಿನ್ ಕಂಪನಿಯ ಗಿಟಾರು. ನೈಲಾನ್ ತಂತಿಯದು, ಬರಿಬೆರಳಲ್ಲಿ ನುಡಿಸಲೆಂದೇ ಮಾಡಿದ್ದು. ಇವರು ಅದನ್ನು ಪಿಕ್ ಎಂಬ ಪುಟ್ಟ ಬಿಲ್ಲೆ ಹಿಡಿದು ಉಜ್ಜಿ ಉಜ್ಜಿ ಮರವೇ ಸವೆದು ಕಿಂಡಿಯಾಗಿದೆ. 1990ರಲ್ಲಿ ತೆರಿಗೆ ಇಲಾಖೆಯವರು ಅವರ ಆಸ್ತಿಯನ್ನೆಲ್ಲ ಜಪ್ತಿ ಮಾಡಿದಾಗ ಈ ಗಿಟಾರೊಂದನ್ನು ಮಗಳ ಮೂಲಕ ಹವಾಯಿಗೆ ಸಾಗಿಸಿ ಉಳಿಸಿಕೊಂಡರು ಎಂದೂ ಹೇಳಿದೆ.

ತೆರಿಗೆ ಎಂದದ್ದೇ ತಡ, ಅಪ್ಪನ ತಾಳ ನಿಂತಿತು.

"ಎಷ್ಟು ಬಾಕಿ?"

"1 ಕೋಟಿ 60 ಲಕ್ಷ ಡಾಲರ್ ಮೇಲೆ ಅಂತ ಇಲಾಖೆ ಹೇಳಿತ್ತು."

ಅಪ್ಪ ವೇದಿಕೆಯ ಕಡೆ ನೋಡಿದ ನೋಟವೇ ಬದಲಾಯಿತು. ಅಲ್ಲಿಂದ ಅವರಿಗೆ ಕಾಣುತ್ತಿದ್ದದ್ದು ಗಾಯಕರಲ್ಲ, ಕಡತ. ಬಚ್ಚಿಟ್ಟದ್ದು ತಪ್ಪು ಎಂದರು. ಕಸುಬಿನ ಉಪಕರಣವನ್ನು ಜಪ್ತಿ ಮಾಡಬಾರದು ಎಂದು ನಮ್ಮ ಕಾನೂನಿನಲ್ಲೇ ಇದೆ, ನಮ್ಮಲ್ಲಾಗಿದ್ದರೆ ಧೈರ್ಯವಾಗಿ ಮುಂದಿಟ್ಟುಕೊಂಡು ಕೂರಬಹುದಿತ್ತು ಎಂದರು. ಮುಂದಿನ ಮೂರ್ನಾಲ್ಕು ಹಾಡು ಈ ವಾದದಲ್ಲೇ ಹೋಯಿತು. ಟೋಪಿಯವನು ಒಮ್ಮೆ ತಿರುಗಿ ನೋಡಿದ. ಪ್ರಾಯಶಃ ನಾವು ಸಂಗೀತವನ್ನೇ ಚರ್ಚಿಸುತ್ತಿದ್ದೇವೆ ಎಂದುಕೊಂಡಿರಬೇಕು.

ಕೊನೆಯ ಹೊತ್ತಿಗೆ ಭಜನೆಯಂಥ ಹಾಡುಗಳು ಬಂದವು, ಅಮ್ಮ ಚಪ್ಪಾಳೆ ಹಾಕಿದರು. ಅವುಗಳ ಜೊತೆಗೇ ಸೇರಿಸಿಕೊಂಡು, ತಾನು ಸತ್ತ ಮೇಲೆ ತನ್ನನ್ನು ಏನು ಮಾಡಬೇಕೆಂಬ ಅವರದೇ ಒಂದು ಹಾಡು. ಅಮ್ಮ ಅರ್ಥ ಕೇಳಿದರು. ಬೀಡಿ ಥರ ಸುತ್ತಿ ಸೇದಿಬಿಡಿ ಎನ್ನುತ್ತಿದ್ದಾರೆ ಎಂದೆ. "ಬಿಡ್ತು ಅನ್ನು!" ಎಂದ ಅಮ್ಮ ಆಮೇಲೆ ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿದರು. ನಾವೆಲ್ಲ ಮನಸ್ಸಲ್ಲೇ ಹಾಕಿಕೊಂಡು ಬಂದಿದ್ದ ಲೆಕ್ಕವನ್ನು ಆ ಮನುಷ್ಯ ಮೈಕಿನಲ್ಲಿ ಹಾಡುತ್ತಿದ್ದರು, ಜನ ಜೊತೆಗೆ ಕಿರುಚುತ್ತಿದ್ದರು. ಹಾಡು ಮುಗಿಸಿ, ಎದ್ದು, ಕೈ ಬೀಸಿ ಹೊರಟೇಬಿಟ್ಟರು. ನಾವು ಮೂವರು ತಗ್ಗು ಕುರ್ಚಿಯಿಂದ ಏಳುವಷ್ಟರಲ್ಲಿ ಅವರ ಬಸ್ಸು ಊರು ದಾಟಿದ್ದರೂ ಆಶ್ಚರ್ಯವಿಲ್ಲ.

ಪಾರ್ಕಿಂಗ್‌ನಿಂದ ಹೊರಬೀಳುವುದೇ ಒಂದು ಸಾಹಸ. ಸಾವಿರಾರು ಕಾರು, ಒಂದೇ ಗೇಟು. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು.

"ಆ ಬಾಕಿ ಏನಾಯ್ತೋ ಕೊನೆಗೆ?"

ಇಲಾಖೆಯ ಹೆಸರಲ್ಲೇ ಒಂದು ಆಲ್ಬಂ ಮಾಡಿ ಮಾರಿ, ಮಾತುಕತೆಯಲ್ಲಿ ಇತ್ಯರ್ಥವಾಗಿ, 1993ಕ್ಕೆ ಎಲ್ಲ ಚುಕ್ತಾ ಆಯಿತು ಎಂದೆ.

"ಪೂರ್ತಿ ಕ್ಲೋಸಾ?"

"ಪೂರ್ತಿ."

ಅಪ್ಪ ಸೀಟ್ ಬೆಲ್ಟ್ ಸರಿಮಾಡಿಕೊಂಡರು. "ಹಾಗಾದ್ರೆ ಚೆನ್ನಾಗೇ ಹಾಡ್ತಾರೆ ಬಿಡು" ಎಂದರು.